ನೈಲಾನ್ ಪಂಜು

“ಹೆಗ್ಗಣಕ್ಕೆ ಟಾರ್ಚ್ ಬೇಕೇನೋ ಬೇವರ್ಸಿ? ಕತ್ತಲಲ್ಲೇ ಹುಟ್ಟಿದೋರು, ತಡಕಾಡ್ಕೊಂಡು ಬರ್ಲಿ ಬಿಡು!”

ಮಿಲ್ಲಿನ ಸೂಪರ್‌ವೈಸರ್ ಹೀಗೆಂದಾಗ ನನ್ನ ಹೆಂಡತಿ ನೆಲದಡಿಯ ಮೋರಿಯಲ್ಲಿದ್ದಳು. ಕಟ್ಟಿಕೊಂಡ ಹೂಳು ತೆಗೆಯಲು ಇಳಿದಿದ್ದಳು. ಕರೆಂಟು ಹೋಗಿ ಒಳಗಿನ ಬಲ್ಬು ಆರಿತ್ತು. ಮೇಲೆ ಸುಡುಬಿಸಿಲು, ಕೆಳಗೆ ಕಗ್ಗತ್ತಲೆ. ಹತ್ತಿ ಬರುವ ಏಣಿ ಅವಳ ಕೈಗೆ ಸಿಗುತ್ತಿರಲಿಲ್ಲ. ಮೂರು ಗಂಟೆಗೆ ಬಣ್ಣದ ತೊಟ್ಟಿಗಳ ಕುದಿನೀರನ್ನೆಲ್ಲ ಅದೇ ಮೋರಿಗೆ ಬಿಡುತ್ತಾರೆ. ಆಗಲೇ ಮೂರಕ್ಕೆ ಹತ್ತು ನಿಮಿಷವಿತ್ತು.

“ಸ್ವಲ್ಪ ತಡೀರಿ ಸಾರ್, ಅವಳು ಮೇಲೆ ಬರ್ಲಿ.”

“ನಿನ್ನ ಹೆಂಡ್ತಿಗೋಸ್ಕರ ಮಿಲ್ಲು ಕಾಯ್ಬೇಕಾ?”

“ಇಲ್ಲ ಸಾರ್,” ಎಂದೆ ಕೈಕಟ್ಟಿ. ಅಂಥ ಗಂಡು ನಾನು.

ಪಂಜು ಮಾಡೋಣವೆಂದುಕೊಂಡೆ. ಕೋಲು ಸಿಕ್ಕಿತು, ಮಗ್ಗದ ಎಣ್ಣೆ ಸಿಕ್ಕಿತು, ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು. ಮಹಾ ವೀರನಂತೆ ಅಂಗಿ ಬಿಚ್ಚಿ, ಸುತ್ತಿ, ಕಡ್ಡಿ ಗೀರಿದೆ. ಅಂಗಿ ಮುದುಡಿ, ಕರಗಿ, ಚುರುಚುರು ಎಂದು ನನ್ನ ಕಾಲ ಮೇಲೇ ತೊಟ್ಟಿಕ್ಕಿತು. ಕುಣಿದಾಡಿಬಿಟ್ಟೆ. ಕಂಪನಿ ಕೊಟ್ಟ ನೈಲಾನ್! ಇಪ್ಪತ್ತು ವರ್ಷ ಹತ್ತಿ ಬಟ್ಟೆ ನೇಯ್ದ ಪಂಡಿತನಿಗೆ ತನ್ನ ಮೈಮೇಲಿರುವುದು ಏನೆಂದು ಗೊತ್ತಿರಲಿಲ್ಲ. ಸುತ್ತ ನಿಂತ ಕೆಲಸಗಾರರೆಲ್ಲ ತೊಟ್ಟಿದ್ದೂ ಅದನ್ನೇ.

“ಬೆಳಕೆಲ್ಲೋ?” ಹೆಂಡತಿ ಕೆಳಗಿನಿಂದ ಕೂಗಿದಳು.

“ಮಾಡ್ತಿದೀನಿ ಕಣೇ!”

“ನಾನು ಸಾಯೋದ್ರೊಳಗೆ ಮಾಡು ಪುಣ್ಯಾತ್ಮ!”

ಬೈಗುಳದಲ್ಲೂ ಅವಳ ದನಿ ನಡುಗುತ್ತಿತ್ತು. ಹತ್ತಿ ಬಟ್ಟೆಗಾಗಿ ಸುತ್ತ ಹುಡುಕಿದೆ.

ಮೇಜಿನ ಮೇಲೆ ಆಗತಾನೇ ಮಡಿಸಿಟ್ಟ ಬಿಳಿ ಬಟ್ಟೆಯ ಥಾನಿತ್ತು. ಅಂಚನ್ನು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದೆ.

“ಲೇ ಮುಂಡೇಮಗನೇ, ರಫ್ತಿನ ಮಾಲು ಕಣೋ ಅದು!” ಸೂಪರ್‌ವೈಸರ್ ಕಿರುಚಿದ.

“ಗೊತ್ತು ಸಾರ್. ನಾನೇ ನೇಯ್ದಿದ್ದು.”

ಮಾಲು ಹರಿಯುವಾಗಲೂ ‘ಸಾರ್’ ಅನ್ನುವುದನ್ನು ಮಾತ್ರ ಮರೆಯಲಿಲ್ಲ.

ಈ ಸಲ ಪಂಜು ಧಗ್ಗನೆ ಹೊತ್ತಿತು. ಮೋರಿಯ ಬಾಯಲ್ಲಿ ಬೋರಲು ಮಲಗಿ ಕೆಳಗೆ ಹಿಡಿದೆ. ಅವಳು ಏಣಿ ಕಂಡು ಹತ್ತಿ ಬಂದಳು. ಸೊಂಟದವರೆಗೆ ನೀಲಿ, ಮೈಮೇಲಿನ ಬಟ್ಟೆ ಚಿಂದಿ. ಮಿಕ್ಕ ಥಾನನ್ನು ಮೈಗೆ ಸುತ್ತಿಕೊಂಡು, ನನ್ನ ಕೈಯಿಂದ ಪಂಜು ಕಸಿದಳು.

“ಬಿಚ್ಚೇ ಅದನ್ನ!” ಎಂದ ಸೂಪರ್‌ವೈಸರ್.

“ಬಾ, ನೀನೇ ಬಿಚ್ಚು.” ಪಂಜನ್ನು ಅವನ ಮುಖದತ್ತ ಚಾಚಿದಳು. ಅವನು ಗೋಡೆಗೆ ಅಂಟಿಕೊಂಡ.

ಅವಳು ಬಾಗಿಲತ್ತ ನಡೆದಳು. ಥಾನಿನ ತುದಿ ಎಣ್ಣೆ, ಕೆಸರು, ಬಣ್ಣದಲ್ಲೆಲ್ಲ ಎಳೆದುಕೊಂಡು ಹೋಗುತ್ತಿತ್ತು. ಮಾಲು ಕೊಳೆಯಾದೀತೆಂದು, ಹಾಳು ಅಭ್ಯಾಸ, ನಾನು ಬಗ್ಗಿ ಅದನ್ನು ಎತ್ತಿ ಹಿಡಿದೆ.

“ಬಿಡೋ ಅದನ್ನ,” ಎಂದಳು.

ಬಿಟ್ಟೆ.