ಮುದ್ದೆ ಅಗಿದ ಅಕ್ಕ

ಗುಬ್ಬಿಯಲ್ಲಿರುವ ಅಕ್ಕನ ಮನೆಯಲ್ಲಿ ಭಾನುವಾರದ ಊಟ. ಬಸ್ಸಾರು, ಬಿಸಿಬಿಸಿ ಮುದ್ದೆ. ತಿಮ್ಮರಾಜು ಎರಡನೇ ಮುದ್ದೆಗೆ ಕೈ ಹಾಕುವ ಹೊತ್ತಿಗೆ ಅಕ್ಕನ ಮಗಳು ಕೋಮಲಾ ಮೆಲ್ಲಗೆ ಅಂದಳು, "ಮಾವ, ಅಮ್ಮನ್ನ ನೋಡು. ಮುದ್ದೆ ಅಗೀತಿದ್ದಾಳೆ."

ಮುದ್ದೆಯನ್ನು ನುಂಗಬೇಕು. ಅಗಿಯುವವರನ್ನು ನಮ್ಮ ಕಡೆ ಹೊಸ ನೆಂಟರು ಅಂತ ಆಡಿಕೊಳ್ಳುತ್ತಾರೆ. ಹುಟ್ಟಿದಾಗಿಂದ ಮುದ್ದೆ ಉಂಡ ಅಕ್ಕ ಚಿಕ್ಕಗಂಗಮ್ಮ ಈಗ ಗೋಲಿಯಷ್ಟು ತುತ್ತು ಹಿಡಿದು, ಗೋಡೆ ಕಡೆ ತಿರುಗಿ, ಕದ್ದು ಅಗಿಯುತ್ತಿದ್ದಳು. ಪ್ರತಿ ತುತ್ತಿಗೂ ಅರ್ಧ ಲೋಟ ನೀರು.

"ಏನಕ್ಕ ಇದು?"

"ಗ್ಯಾಸು ಕಣೋ. ಎದೆ ತಾವ ಹಿಡ್ಕೊಂಡ್ಬುಡ್ತದೆ. ನೀನು ಕೊಟ್ಟ ಮಾತ್ರೆ ಮುಗ್ದೋಯ್ತು, ಅದಕ್ಕೇ."

ತಿಮ್ಮರಾಜು ತುಮಕೂರಿನ ಬಟವಾಡಿಯಲ್ಲಿ ಮೆಡಿಕಲ್ ಸ್ಟೋರ್ ಇಟ್ಟವನು. ಮೂರು ವರ್ಷದಿಂದ ಅಕ್ಕನಿಗೆ ಅವನೇ ಡಾಕ್ಟರು. ಮಂಡಿ ನೋವಿಗೆ ಒಂದು ಬಿಳಿ ಮಾತ್ರೆ, ಅದು ತಿಂದು ಎದೆ ಉರಿದರೆ ಒಂದು ಗ್ಯಾಸಿನ ಮಾತ್ರೆ. ಉರಿ ಹೆಚ್ಚಿದಾಗಲೆಲ್ಲ ಗ್ಯಾಸಿನದನ್ನು ಬದಲಾಯಿಸಿದ, ಮಂಡಿಯದನ್ನು ಮುಟ್ಟಲಿಲ್ಲ. ಅಂಗಡಿಗೆ ಬರುವ ಗಿರಾಕಿಗಳಿಗೂ ಇದೇ ಜೋಡಿ. ತಿಮ್ಮಣ್ಣನ ಕೈಗುಣ ಚೆನ್ನಾಗಿದೆ ಅಂತ ಜನ ಹೇಳಿದರು, ಪುಣ್ಯಾತ್ಮ ಅವನೂ ನಂಬಿದ.

"ಬೇರೆ ಕಂಪನಿದು ಕಳಿಸ್ತೀನಿ ಬಿಡಕ್ಕ," ಅಂದ.

ಕೋಮಲಾ ತಟ್ಟೆ ಪಕ್ಕಕ್ಕಿಟ್ಟಳು. "ಬೇಡ ಮಾವ. ನುಂಗಕ್ಕಾಗ್ದೇ ಇರೋದೂ ಗ್ಯಾಸಾ? ನಾಳೆ ತುಮಕೂರಲ್ಲಿ ಡಾಕ್ಟರಿಗೆ ತೋರಿಸ್ತೀನಿ."

"ಹೋದ ತಕ್ಷಣ ಬಾಯಿಗೆ ಪೈಪ್ ಹಾಕ್ತಾರೆ. ಒಂದು ದಿನದ ಕೂಲಿ ಬಿಟ್ಟು ಕ್ಯೂ ನಿಲ್ಲಕ್ಕೆ ಎಲ್ಲರಿಗೂ ಆಗ್ತದಾ? ನಮ್ಮಂಥ ಅಂಗಡಿ ಇಲ್ದೆ ಇದ್ರೆ ಬಡವರಿಗೆ ಯಾರಮ್ಮ ಗತಿ?"

"ಇರಬಹುದು. ಆದ್ರೆ ಅಮ್ಮ ಸೊರಗಿದಾಳೆ. ರವಿಕೆಗಳನ್ನೆಲ್ಲ ಬಿಗಿ ಮಾಡಿ ಹೊಲ್ಕೊಟ್ಟಿದೀನಿ. ನಿಂಗೆ ಕಾಣ್ಲಿಲ್ವಾ?"

ಕಂಡಿರಲಿಲ್ಲ. ವಾರವಾರ ಪೊಟ್ಟಣ ಕೊಡುವಾಗ ಅವನು ಅಕ್ಕನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ. ಊಟ ಅಲ್ಲಿಗೇ ಬಿಟ್ಟು ಎದ್ದ.

ಮಾರನೆಯ ದಿನ ಎಂಡೋಸ್ಕೋಪಿ ಕೋಣೆಯ ಹೊರಗೆ ತಿಮ್ಮರಾಜು ಕೂತಲ್ಲಿ ಕೂರಲಿಲ್ಲ. ನೀರು ಕುಡಿದ, ಮೆಟ್ಟಿಲಿಳಿದ, ಹತ್ತಿದ, ಮತ್ತೆ ನೀರು ಕುಡಿದ. ಒಳಗೆ ಕ್ಯಾನ್ಸರ್ ಇದ್ದರೆ ಇಷ್ಟು ದಿನ ಅದನ್ನು ಮುಚ್ಚಿಟ್ಟವನು ನಾನೇ ಅಲ್ಲವೇ ಅನ್ನುವ ಒಂದೇ ಯೋಚನೆ.

ಡಾಕ್ಟರ್ ದಾಕ್ಷಾಯಣಿ ಮೂವರನ್ನೂ ಕೂರಿಸಿ ಚಿತ್ರ ತೋರಿಸಿದರು. "ಹೊಟ್ಟೆಯ ಆ್ಯಸಿಡ್ ಮೇಲಕ್ಕೆ ಬಂದೂ ಬಂದೂ ಅನ್ನನಾಳ ಸುಟ್ಟಿದೆ. ಈ ಗಾಯಕ್ಕೆ ಎ, ಬಿ, ಸಿ, ಡಿ ಅಂತ ಗ್ರೇಡ್ ಕೊಡ್ತೀವಿ. ಎ ಅಂದ್ರೆ ಸಣ್ಣ ಗೀರು, ಡಿ ಅಂದ್ರೆ ಹೆಚ್ಚುಕಮ್ಮಿ ಸುತ್ತಲೂ ಗಾಯ. ಇವರದು ಸಿ. ಕೆಳಗೆ ಸ್ವಲ್ಪ ಕಿರಿದಾಗಿದೆ, ಮುದ್ದೆ ಅಲ್ಲೇ ಸಿಕ್ಕಿಕೊಳ್ತಿದೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದೀನಿ. ರಿಪೋರ್ಟ್ ಬರೋವರೆಗೂ ಕೆಟ್ಟದ್ದು ಅಲ್ಲ ಅಂತ ಗ್ಯಾರಂಟಿ ಕೊಡಕ್ಕಾಗಲ್ಲ."

ಆಮೇಲೆ ಕೋಮಲಾ ತಂದಿದ್ದ ಮಾತ್ರೆಯ ಪೊಟ್ಟಣ ಬಿಚ್ಚಿದರು. "ಈ ನೋವಿನ ಮಾತ್ರೆ ಮೂರು ವರ್ಷ ತಿಂದ್ರಾ? ಇದೂ ಆ ನಾಳ ಸುಡುತ್ತೆ. ಯಾರಮ್ಮ ಕೊಟ್ಟಿದ್ದು?"

ಚಿಕ್ಕಗಂಗಮ್ಮ ತಮ್ಮನ ಕಡೆ ತಿರುಗಲೇ ಇಲ್ಲ. "ಯಾವ್ದೋ ಅಂಗಡಿ ಕಣವ್ವ. ಮರ್ತೋಯ್ತು."

ತಿಮ್ಮರಾಜು ಆ ಪೊಟ್ಟಣ ಎತ್ತಿ ಜೇಬಿಗೆ ಹಾಕಿಕೊಂಡ. ಕೋಮಲಾ ಅವನನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ಆ್ಯಸಿಡ್ ತಗ್ಗಿಸುವ ಮಾತ್ರೆ, ಎಂಟು ವಾರ ಒಂದು ದಿನವೂ ತಪ್ಪಿಸಬಾರದು. ನೋವಿನ ಮಾತ್ರೆ ಬಂದ್. ಸಂಜೆ ಏಳಕ್ಕೆಲ್ಲ ಊಟ, ಉಂಡ ಮೇಲೆ ಮೂರು ಗಂಟೆ ಮಲಗುವಂತಿಲ್ಲ. ಮಂಚದ ತಲೆಕಡೆ ಎತ್ತರವಾಗಬೇಕು. ಎಂಟು ವಾರ ಕಳೆದು ಮತ್ತೆ ಎಂಡೋಸ್ಕೋಪಿ. ಇಷ್ಟನ್ನೂ ಡಾಕ್ಟರು ಬರೆದುಕೊಟ್ಟರು.

ಅವತ್ತೇ ತಿಮ್ಮರಾಜು ಅಕ್ಕನ ಮಂಚದ ತಲೆಕಡೆಯ ಕಾಲುಗಳಡಿ ಇಟ್ಟಿಗೆ ಇಟ್ಟ.

"ಜಾರುಬಂಡೆ ಮಾಡ್ಬುಟ್ಟಲ್ಲೋ," ಅಂತ ಅಕ್ಕ ನಕ್ಕಳು.

"ನನ್ನ ಹೆಸರು ಯಾಕೆ ಹೇಳ್ಲಿಲ್ಲ ಅಕ್ಕ?"

"ಕೆಟ್ಟದಾಗ್ಲಿ ಅಂತ ನೀನು ಕೊಟ್ಟೇನ್ಲಾ? ಅಕ್ಕ ಅಂತ ಕೊಟ್ಟೆ. ಬುಡು."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ಅವನಿಗೆ ಅಂಗಡಿಯಲ್ಲಿ ಕೈಯೇ ಓಡಲಿಲ್ಲ. ಚಿಲ್ಲರೆ ತಪ್ಪು ಕೊಟ್ಟ, ಫೋನ್ ಬಡಿದರೆ ಬೆಚ್ಚಿದ. ಹತ್ತನೆಯ ದಿನ ಮಧ್ಯಾಹ್ನ ಕೋಮಲಾ ಫೋನ್ ಮಾಡಿ, ಕ್ಯಾನ್ಸರ್ ಇಲ್ಲವಂತೆ ಅಂದಳು. ತಿಮ್ಮರಾಜು ಸ್ಟೂಲಿನ ಮೇಲೆ ಕೂತು ಅತ್ತ.

ಕಣ್ಣು ಒರೆಸಿಕೊಳ್ಳುತ್ತಿದ್ದಾಗಲೇ ಪಕ್ಕದ ಗೋಡೌನಿನ ಹಮಾಲಿ ಜುಂಜಪ್ಪ ಬಂದ. "ತಿಮ್ಮಣ್ಣ, ಅದೇ ಜೋಡಿ ಕೊಡು. ಬೇಗ, ಲಾರಿ ನಿಂತದೆ."

ಕೈ ಅದರ ಪಾಡಿಗೆ ಡ್ರಾಯರಿಗೆ ಹೋಯಿತು. ಅಲ್ಲೇ ನಿಂತಿತು. ತಿಮ್ಮರಾಜು ತಲೆ ಎತ್ತಿ ಜುಂಜಪ್ಪನ ಮುಖ ನೋಡಿದ. ಕೆನ್ನೆ ಗುಳಿಬಿದ್ದಿತ್ತು.

"ಜುಂಜಪ್ಪಣ್ಣ, ಮುದ್ದೆ ಸಲೀಸಾಗಿ ಇಳೀತದಾ?"

ಜುಂಜಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಯುಗಾದಿಯಿಂದ ಗಂಜಿ ಕುಡೀತಾ ಇವ್ನಿ. ಮೂಟೆ ಹೊರೋನಿಗೆ ಮುದ್ದೆ ಇಳಿಯಕ್ಕಿಲ್ಲ ಅಂದ್ರೆ ಮರ್ಯಾದೆ ಉಳೀತದಾ? ಮನೇಲೂ ಹೇಳಿಲ್ಲ. ಕೊಡು ಮಾತ್ರೆ."

"ಕೊಡಲ್ಲ. ನಡಿ ಡಾಕ್ಟರ್ ಹತ್ರ."

"ನೀನು ಕೊಡ್ದಿದ್ರೆ ಪಕ್ಕದಂಗಡೀಲಿ ತಗೋತೀನಿ, ಹೋಗು."

"ತಗೋತೀಯ, ಗೊತ್ತು. ಅದಕ್ಕೇ ನಾನೂ ಬರ್ತೀನಿ."

ನಡುಮಧ್ಯಾಹ್ನ ಶಟರ್ ಎಳೆದು, ಗೊಣಗುತ್ತಿದ್ದ ಜುಂಜಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡ. ಆಸ್ಪತ್ರೆಯಲ್ಲಿ ಒಂದು ಗಂಟೆ ಕ್ಯೂ. ತಿಮ್ಮರಾಜು ಅಲ್ಲಾಡದೆ ನಿಂತ.

ಜುಂಜಪ್ಪ ಕುರ್ಚಿಯಲ್ಲಿ ಕೂರುವ ಮೊದಲೇ ತಿಮ್ಮರಾಜು ಡಾಕ್ಟರ್ ದಾಕ್ಷಾಯಣಿಯವರ ಮೇಜಿನ ಮುಂದೆ ಹೋಗಿ ಹೇಳಿದ, "ಮೇಡಂ, ಇವರಿಗೆ ಮಾತ್ರೆ ಕೊಟ್ಟೋನು ನಾನು. ಅವತ್ತು ನಮ್ಮಕ್ಕ ಮರ್ತೋಯ್ತು ಅಂದ್ಲಲ್ಲ, ಆ ಅಂಗಡಿನೂ ನಂದೇ."