ದೊಡ್ಡಮ್ಮನಿಗೆ ಹೇಳಿದ ಮಾತು

ಕೋಳಿ ಶೆಡ್ಡಿನ ಕೆಲಸ ಅತ್ತಿಗೆಗೆ ಸಾಕು ಸಾಕಾಗಿಹೋಗಿತ್ತು. ಬೆಳಕು ಹರಿಯುವ ಮುಂಚೆ ಏಳಬೇಕು, ನೀರಿನ ಟ್ಯಾಂಕು ತುಂಬಿಸಬೇಕು, ನೆಲ ತೊಳೆಯಬೇಕು, ಮೊಟ್ಟೆ ಆರಿಸಬೇಕು. ಆರಿಸುವುದಕ್ಕಾದರೂ ನೆಟ್ಟಗಿನ ಮೊಟ್ಟೆ ಇದ್ದರೆ ತಾನೇ? ಈಚೆಗೆ ಬೆರಳು ತಾಗಿದರೆ ಕುಸಿಯುವ ಚಿಪ್ಪು. ಕೆಲವಕ್ಕಂತೂ ಚಿಪ್ಪೇ ಇಲ್ಲ, ಬರೀ ಪೊರೆ. ಕೋಳಿಗಳ ಜುಟ್ಟು ಬಿಳಿಚಿಕೊಂಡಿತ್ತು, ಹಿಕ್ಕೆ ನೀರುನೀರಾಗಿತ್ತು. ಹೀಗೇ ಆದರೆ ಸೋಮವಾರ ಲಾರಿ ಬಂದು ಇಡೀ ಹಿಂಡನ್ನು ಮಾಂಸಕ್ಕೆ ತುಂಬಿಕೊಂಡು ಹೋಗುತ್ತದೆ. ಲಾರಿಯವನಿಗೆ ಹೇಳಿಯೂ ಆಗಿತ್ತು. ಅಂಗೈಯಲ್ಲಿ ಹಿಡಿಯುವಷ್ಟಿದ್ದಾಗಿನಿಂದ ಸಾಕಿದ ಹಿಂಡು ಅದು.

ಶೆಡ್ಡು ಅವಳದೂ ನಾದಿನಿಯದೂ. ಗಂಡ ತೀರಿಕೊಂಡ ಮೇಲೆ ಅವನ ತಂಗಿ ಬಂದು ಜೊತೆಗೆ ನಿಂತಿದ್ದಳು. ಒಳ್ಳೆಯ ಹುಡುಗಿಯೇ, ಇಲ್ಲವೆನ್ನುವುದಿಲ್ಲ. ಆದರೆ ಆ ನಾಲಿಗೆ! ಹಿಂದಿನ ಹಿಂಡಿಗೆ ರೋಗ ಬಡಿದು ಕೋಳಿಗಳು ಸಾಲಾಗಿ ಸತ್ತಾಗ ಅಂದೇಬಿಟ್ಟಿತ್ತು: "ನಿಮ್ಮ ಕೊಳಕಿನಿಂದಲೇ ಹೋದವು ಅತ್ತಿಗೆ." ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ.

ಮಾತು ನಿಂತರೆ ಕೆಲಸ ನಿಲ್ಲುತ್ತದೆಯೇ? ಅದಕ್ಕೂ ಒಂದು ದಾರಿಯಾಯಿತು. ಬಾಗಿಲ ಪಕ್ಕದ ಗೂಡಿನಲ್ಲಿ ಒಂದು ಕುಂಟು ಕೋಳಿಯಿತ್ತು. ಯಾರು ಏನೇ ಅಂದರೂ ಕತ್ತು ವಾರೆ ಮಾಡಿ, ಎಲ್ಲ ಅರ್ಥವಾದವರ ಹಾಗೆ ಕೇಳುತ್ತಿತ್ತು. ಹಾಗಾಗಿ ಅದಕ್ಕೆ ದೊಡ್ಡಮ್ಮ ಎಂದೇ ಹೆಸರು. ಹೇಳಬೇಕಾದ್ದನ್ನೆಲ್ಲ ಇಬ್ಬರೂ ದೊಡ್ಡಮ್ಮನಿಗೆ ಹೇಳುವರು.

"ಮೇವಿನ ಚೀಲದ ಬಾಯಿ ಕಟ್ಟೋಕೆ ಕೆಲವರಿಗೆ ಕೈ ನೋಯುತ್ತೇನೋ, ಅಲ್ವೇನೇ ದೊಡ್ಡಮ್ಮಾ?" ಎನ್ನುವಳು ಅತ್ತಿಗೆ.

"ಬಲ್ಬು ಹೋಗಿದೆ ದೊಡ್ಡಮ್ಮಾ. ಕಣ್ಣಿದ್ದವರು ತಂದು ಹಾಕಲಿ." ಇದು ನಾದಿನಿ.

ದೊಡ್ಡಮ್ಮ ಎರಡೂ ಕಡೆಯ ಮಾತು ಕೇಳಿ, ಗಂಟಲಲ್ಲೇ ಏನೋ ಗೊಣಗಿ ಸುಮ್ಮನಾಗುತ್ತಿತ್ತು. ನೋಡಿದವರಿಗೆ ನಗು; ಅತ್ತಿಗೆಗೆ ಮಾತ್ರ ಮಾತಾಡುವುದೂ ಒಂದು ಚಾಕರಿಯಾಗಿತ್ತು.

ಕೊಳಕಿ ಎನಿಸಿಕೊಂಡ ಮೇಲೆ ಅವಳು ಸುಮ್ಮನಿರಲಿಲ್ಲ. ನೆಲಕ್ಕೆ ಬ್ಲೀಚಿಂಗ್, ಗೂಡಿಗೆ ಬ್ಲೀಚಿಂಗ್, ದಿನಾ ಬೆಳಗ್ಗೆ ಟ್ಯಾಂಕಿಗೂ ಧಾರಾಳವಾಗಿ ಬ್ಲೀಚಿಂಗ್. ಕೈಬೆರಳುಗಳ ಸಂದಿ ಸುಲಿದು ಉರಿಯುತ್ತಿತ್ತು. ಇನ್ನೊಂದು ಸಲ ಯಾರಾದರೂ ಕೊಳಕು ಅನ್ನಲಿ, ನೋಡೋಣ!

ಇವತ್ತು ಬೆಳಗ್ಗೆ ದೊಡ್ಡಮ್ಮ ಗೂಡಿನ ಮೂಲೆಯಲ್ಲಿ ಸೆಟೆದು ಬಿದ್ದಿತ್ತು. ಅತ್ತಿಗೆ ಬಕೆಟ್ ಕೆಳಗಿಟ್ಟು ಗೂಡಿನ ಬಾಗಿಲು ತೆಗೆದಳು. ನಾದಿನಿ ಬಂದು ನೋಡಿದಳು, ಬಾಯಿ ತೆರೆದಳು, ಯಾರಿಗೆ ಹೇಳುವುದೆಂದು ತಿಳಿಯದೆ ಮುಚ್ಚಿದಳು. ಆಮೇಲೆ ಹೊರಗೆ ಹೋಗಿ ಕೋಳಿ ಡಾಕ್ಟರಿಗೆ ಫೋನು ಮಾಡಿ, ಸೋಮವಾರ ಲಾರಿ ಬರುವುದನ್ನೂ ಹೇಳಿದಳು.

ಡಾಕ್ಟರು ಬಂದವರು ಮೊಟ್ಟೆ ಆರಿಸುವ ಮೇಜಿನ ಮೇಲೆ ಪೇಪರು ಹಾಸಿ ದೊಡ್ಡಮ್ಮನನ್ನು ಕೊಯ್ದರು. ಕಾಲಿನ ಮೂಳೆಯನ್ನು ಎರಡು ಬೆರಳಲ್ಲಿ ಬಗ್ಗಿಸಿದರು. ಒಣಕಡ್ಡಿಯ ಹಾಗೆ ಲಟಕ್ಕೆಂದಿತು.

"ಕರುಳು ನೋಡಿ ಅಮ್ಮಾ, ಹೇಗೆ ಊದಿದೆ. ಇಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೋಟಿಗಟ್ಟಲೆ ಇರ್ತವೆ. ಒಳ್ಳೆಯವು ಮೊದಲೇ ಜಾಗ ಹಿಡಿದು ಕೂತಿದ್ರೆ ಕೆಟ್ಟವಕ್ಕೆ ಕಾಲಿಡೋಕೆ ಎಡೆ ಸಿಗಲ್ಲ. ರೋಗದ ಜೊತೆ ಹೋರಾಡೋದನ್ನ ಮೈಗೆ ಕಲಿಸೋದ್ರಲ್ಲೂ ಅವುಗಳದ್ದೇ ದೊಡ್ಡ ಪಾಲು. ಅವು ಹೋಗಿ ಕರುಳು ಹೀಗಾದ್ರೆ ಮೇವಿನಲ್ಲಿರೋ ಸುಣ್ಣದಂಶ ಮೈಗೆ ಹತ್ತಲ್ಲ. ಆದ್ರೂ ಮೊಟ್ಟೆ ಇಡಬೇಕಲ್ಲ ಪಾಪ, ತನ್ನ ಮೂಳೆಯಿಂದಲೇ ಸುಣ್ಣ ತೆಗೆದು ಚಿಪ್ಪು ಕಟ್ಟುತ್ತೆ."

ಅತ್ತಿಗೆ ತನ್ನ ಮೊಣಕೈ ಸವರಿಕೊಂಡಳು.

"ಅದಕ್ಕೇ ಅಲ್ವಾ ಹೋದ ತಿಂಗಳು ಒಳ್ಳೆ ಜೀವಿಗಳ ಪುಡಿ ಕೊಟ್ಟಿದ್ದು? ದಿನಾ ನೀರಿಗೆ ಹಾಕ್ತಿದ್ದೀರಾ?"

"ಒಂದು ದಿನಾನೂ ತಪ್ಪಿಸಿಲ್ಲ. ಅತ್ತಿಗೆ ಮೊಟ್ಟೆ ಕೊಟ್ಟು ಬರೋಕೆ ಹೋದ ತಕ್ಷಣ ನಾನೇ ಟ್ಯಾಂಕಿಗೆ ಹಾಕ್ತೀನಿ," ಎಂದಳು ನಾದಿನಿ.

ಡಾಕ್ಟರು ನಲ್ಲಿಯಿಂದ ಬೊಗಸೆ ನೀರು ಹಿಡಿದು ಮೂಸಿ ಮುಖ ಸಿಂಡರಿಸಿದರು. "ಇದೇನ್ರೀ ಇದು? ಇಷ್ಟೊಂದು ಬ್ಲೀಚಿಂಗ್! ಪುಡಿಯಲ್ಲಿರೋ ಒಳ್ಳೆ ಜೀವಿಗಳೆಲ್ಲ ಟ್ಯಾಂಕಲ್ಲೇ ಸತ್ತುಹೋಗ್ತವೆ. ಇರೋ ಕರುಳೂ ಹಾಳು. ಪುಡಿ ಹಾಕೋವಷ್ಟು ದಿನ ನೀರಿಗೆ ಬ್ಲೀಚಿಂಗ್ ಬೇಡ ಅಂತ ಹೇಳಿರಲಿಲ್ವಾ ನಾನು?"

"ಹೇಳಿದ್ರಿ. ನಾನೂ ಹೇಳಿದ್ದೆ."

"ಯಾರಿಗೆ?"

ನಾದಿನಿ ತಲೆ ತಗ್ಗಿಸಿದಳು. "ದೊಡ್ಡಮ್ಮನಿಗೆ."

ಡಾಕ್ಟರಿಗೆ ತಲೆಬುಡ ಅರ್ಥವಾಗಲಿಲ್ಲ. ಅತ್ತಿಗೆಗೆ ಆಯಿತು. ಹೋದ ತಿಂಗಳು ಒಂದು ದಿನ ಅವಳು ಗೋಡೆಯ ಆಚೆ ಬಕೆಟ್ ತೊಳೆಯುತ್ತಿದ್ದಳು. "ನೀರಿಗೆ ಬ್ಲೀಚಿಂಗ್ ಸುರಿಯೋರಿಗೆ ನಿಲ್ಲಿಸೋಕೆ ಹೇಳು ದೊಡ್ಡಮ್ಮಾ" ಎಂಬ ದನಿ ಕಿವಿಗೆ ಬಿದ್ದಿತ್ತು. ಓಹೋ, ಈಗ ನನ್ನ ಶುಚಿಯ ಮೇಲೂ ಕೊಂಕೋ ಎಂದು ಮೈಯೆಲ್ಲ ಉರಿದುಹೋಗಿತ್ತು. ಮರುದಿನ ಬೇಕೆಂತಲೇ ಇನ್ನೊಂದು ಹಿಡಿ ಹೆಚ್ಚಿಗೆ ಹಾಕಿದ್ದಳು. ಅಲ್ಲಿಂದೀಚೆಗೆ ದಿನಾ ಹಾಗೇ.

ಡಾಕ್ಟರು ಕೈ ತೊಳೆದುಕೊಂಡರು. "ಲಾರಿಯವನನ್ನ ಸದ್ಯಕ್ಕೆ ಬೇಡ ಅನ್ನಿ. ನೀರು ಬದಲಾಯಿಸಿ ಪುಡಿ ಮುಂದುವರಿಸಿ. ತೀರಾ ಸೊರಗಿದವು ಉಳಿಯಲ್ಲ. ಮಿಕ್ಕವು ಚೇತರಿಸಿಕೊಂಡಾವು, ನೋಡೋಣ." ಚೀಲ ಹೆಗಲಿಗೇರಿಸಿ ಹೊರಟರು.

ನಾದಿನಿ ಪೇಪರು ಮಡಚಿ ದೊಡ್ಡಮ್ಮನನ್ನು ಸುತ್ತತೊಡಗಿದಳು. ಅತ್ತಿಗೆ ಅಭ್ಯಾಸಬಲದಿಂದ ಬಾಗಿಲ ಪಕ್ಕದ ಗೂಡಿನ ಕಡೆ ತಿರುಗಿದಳು. ಅದು ಖಾಲಿ.

"ಕೇಳಿಸಿತ್ತು ಕಣೇ," ಎಂದಳು ನಾದಿನಿಯ ಮುಖ ನೋಡಿ. "ನೀನು ಅವತ್ತು ಹೇಳಿದ್ದು ನನಗೆ ಕೇಳಿಸಿತ್ತು. ಬೇಕಂತಲೇ ಜಾಸ್ತಿ ಹಾಕಿದೆ."

ನಾದಿನಿಯ ಕೈ ನಿಂತಿತು.

"ಕೊಳಕು ಅಂದವಳು ನಾನಲ್ವಾ ಅತ್ತಿಗೆ," ಎಂದಳು. "ಎದುರಿಗೆ ಬಂದು ಹೇಳಬೇಕಿತ್ತು. ಮುಖ ಇರಲಿಲ್ಲ."

ಅತ್ತಿಗೆ ಬಕೆಟ್ ಎತ್ತಿಕೊಂಡಳು. "ಬಾ, ಟ್ಯಾಂಕು ಬಗ್ಗಿಸಿ ಆ ನೀರು ಚೆಲ್ಲೋಣ. ನನ್ನೊಬ್ಬಳ ಕೈಲಿ ಆಗಲ್ಲ."