ದಪ್ಪ ದನಿ ಕೇಳದ ಕಿವಿ

ಅರವತ್ತೆಂಟು ತುಂಬುವ ಹೊತ್ತಿಗೆ ದೊಡವಾಡದ ಗುರುಬಸವ್ವನ ಕಾಲು ನೆಲಕ್ಕೆ ಅಂಟಿಕೊಂಡಂತಾದವು. ಮಕ್ಕಳ ಹೆಸರು ಮರೆಯತೊಡಗಿದವು. ಬಚ್ಚಲು ಮುಟ್ಟುವುದರೊಳಗೆ ಸೀರೆ ಒದ್ದೆಯಾಗುತ್ತಿತ್ತು.

"ವಯಸ್ಸಾತು, ಇನ್ನೇನ!" ಎಂದು ಗಂಡ ಮಡಿವಾಳೆಪ್ಪ ತೀರ್ಪು ಕೊಟ್ಟ. ಅವನದು ನಗಾರಿಯಂಥ ದನಿ. ಅಷ್ಟು ಗಟ್ಟಿಯಾಗಿ ಹೇಳಿದ್ದು ಸುಳ್ಳಿರಲಾರದೆಂದು ಊರೂ ನಂಬಿತು.

ಸೊಸೆ ಮೀನಾ ನಂಬಲಿಲ್ಲ. ಅತ್ತೆಯನ್ನು ಧಾರವಾಡದ ಬಸ್ಸು ಹತ್ತಿಸಿದಳು. ತಲೆಯೊಳಗೆ ನೀರು ತುಂಬಿದೆ ಎಂದ ಡಾಕ್ಟರು ಆಪರೇಷನ್ ಮಾಡಿ, ಅದು ಹೊಟ್ಟೆಗೆ ಇಳಿಯುವಂತೆ ಚರ್ಮದಡಿ ಶಂಟ್ ಎಂಬ ಸಣ್ಣ ಕೊಳವೆ ಕೂಡಿಸಿದರು. ಆ ಹತ್ತು ದಿನ ಎಮ್ಮೆ ಬಿಟ್ಟು ಬರಲು ಮಡಿವಾಳೆಪ್ಪನಿಗೆ ಆಗಲಿಲ್ಲವಂತೆ. ಅವನು ಎಮ್ಮೆಯ ಹಗ್ಗ ಮುಟ್ಟಿದ್ದನ್ನು ಕಂಡವರು ಮಾತ್ರ ಯಾರೂ ಇಲ್ಲ.

ಗುರುಬಸವ್ವ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು. ಹೆಸರುಗಳೂ ಹಿಂದೆಯೇ ಬಂದವು. ಆದರೆ ಒಂದು ವಿಚಿತ್ರ. ಮೀನಾಳ ಸಣ್ಣ ದನಿ, ಗುಬ್ಬಿಯ ಚಿಂವ್‌ಚಿಂವ್ ಕೇಳುತ್ತಿತ್ತು. ಗಂಡನ ಮೀಸೆ ಅಲ್ಲಾಡುವುದು ಕಾಣುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ.

"ನಾಟಕ ಮಾಡಾಕ ಹತ್ಯಾಳ!" ಎಂದು ಅವನು ಕೂಗಿದ್ದನ್ನೂ ಮೀನಾಳೇ ತಿರುಗಿ ಹೇಳಬೇಕಾಯಿತು.

ಪರವೂರಿನಿಂದ ಅವಳನ್ನು ನೋಡಲು ಬಂದವರೆದುರು ಅವನು ಎದೆ ತಟ್ಟಿಕೊಂಡು ಏನೋ ಹೇಳುವನು; ಅವರು ಅವನಿಗೆ ಕೈ ಮುಗಿಯುವರು. ಯಾಕೆಂದು ಗುರುಬಸವ್ವನಿಗೆ ತಿಳಿಯದು.

ಮೀನಾ ಮತ್ತೆ ಧಾರವಾಡಕ್ಕೆ ಕರೆದೊಯ್ದಳು. "ನಾಟಕಕ್ಕ ನಾ ಯಾಕ ಬರ್ಲಿ?" ಎಂದು ಮಡಿವಾಳೆಪ್ಪ ಕಟ್ಟೆಯ ಮೇಲೆಯೇ ಉಳಿದ.

ಕಿವಿ ಪರೀಕ್ಷೆ ಮಾಡಿಸಿದ ಡಾಕ್ಟರು, "ನೀರು ಜರಾ ಜಾಸ್ತಿ ಇಳಿಯಾಕ ಹತ್ತೇತಿ. ಒಳಗಿನ ಒತ್ತಡ ಕಡಿಮಿ ಆದ್ರ ಕೆಲವ್ರಿಗೆ ಹಿಂಗ ದಪ್ಪ ದನಿ ಕೇಳೂದಿಲ್ರಿ" ಎಂದರು. ತಲೆಗೆ ಅಯಸ್ಕಾಂತದ ಸಾಧನ ಹಿಡಿದು, ಕೊಯ್ಯದೆಯೇ ಶಂಟಿನ ವಾಲ್ವ್ ತುಸು ಬಿಗಿ ಮಾಡಿದರು.

ಕೆಲವು ದಿನಗಳಲ್ಲಿ ದಪ್ಪ ದನಿಗಳು ಮರಳಿದವು. ಮೊದಲು ಎಮ್ಮೆ, ಆಮೇಲೆ ಗಂಡ.

ಆ ಭಾನುವಾರ ಅವಳ ತಮ್ಮ ಪರಪ್ಪ ರಾಮದುರ್ಗದಿಂದ ಶಾಲು ತಂದು ಅಕ್ಕನ ಗಂಡನಿಗೆ ಹೊದಿಸಿದ. ಮಡಿವಾಳೆಪ್ಪ ಕಣ್ಣೊರೆಸಿಕೊಂಡ.

"ಹೇಣ್ತಿ ಅಂದ್ರ ಜೀವಾ, ಪರಪ್ಪ. ಹತ್ತ ದಿನಾ ದವಾಖಾನಿ ಕಟ್ಟಿ ಮ್ಯಾಲ ಮಲಕೊಂಡೆ. ಉಪಾಸ!"

ಚಹಾ ತಂದ ಗುರುಬಸವ್ವ ಬಾಗಿಲಲ್ಲೇ ನಿಂತಳು. ಇಷ್ಟು ದಿನ ಬಂದವರು ಅವನಿಗೆ ಕೈ ಮುಗಿದದ್ದು ಯಾಕೆಂದು ಈಗ ಅರ್ಥವಾಯಿತು. ಮೈ ಉರಿಯಿತು, ನಗುವೂ ಬಂತು.

"ಯಾವ ಊರ ದವಾಖಾನಿರಿ? ನನ್ನ ಹತ್ರ ಕುಂತಾಕಿ ಮೀನಾ. ನೀವು ಧಾರವಾಡದ ಬಸ್ಸರೆ ಹತ್ತಿದ್ರೇನು?"

ಪರಪ್ಪ ಶಾಲಿನ ಅಂಚು ಹಿಡಿದು ಮೆಲ್ಲನೆ ತನ್ನತ್ತ ಎಳೆದುಕೊಂಡ. ಮಡಿವಾಳೆಪ್ಪನ ಮೀಸೆ ಎರಡು ಸಲ ಅಲ್ಲಾಡಿತು.

"ಯಾಕ ಸುಮ್ಮನಾದ್ರಿ?" ಎಂದಳು ಗುರುಬಸವ್ವ, ಚಹಾ ಮುಂದಿಡುತ್ತ. "ಹೇಳ್ರಿ, ಹೇಳ್ರಿ. ಈಗ ಎಲ್ಲಾ ಕೇಳತೈತಿ."